ವಸಡಿನಲ್ಲಿ ರಕ್ತ ಬರುತ್ತದೆ, ನೋವಿಲ್ಲ: ಆಳದ ಕ್ಲೀನಿಂಗ್ ನಿಜವಾಗಿಯೂ ಬೇಕೇ?

ಪ್ರಶ್ನೆ – ಹೊಂಬೆಳಕು

ಎಲ್ಲರಿಗೂ ನಮಸ್ಕಾರ.

ನನಗೆ ನಲವತ್ತೈದು ವರ್ಷ. ಹಲ್ಲುಜ್ಜಿ ಉಗುಳುವಾಗ ನೊರೆಯಲ್ಲಿ ಕೆಂಪು ಎಳೆ ಕಾಣಿಸುವುದು ಬಹಳ ಕಾಲದಿಂದಲೂ ಇದೆ. ನೋವು ಮಾತ್ರ ಎಂದೂ ಬಂದಿಲ್ಲ. ಈಚೆಗೆ ಒಂದು ಹಲ್ಲಿನ ಫಿಲ್ಲಿಂಗ್ ಬಿದ್ದುಹೋಯಿತೆಂದು ದಂತವೈದ್ಯರ ಬಳಿ ಹೋದಾಗ, ಅವರು ಆ ಕೆಲಸ ಮುಗಿಸಿದ ಮೇಲೆ ತೆಳ್ಳನೆಯ ಕಡ್ಡಿಯಂಥ ಉಪಕರಣವೊಂದನ್ನು ಪ್ರತಿ ಹಲ್ಲಿನ ಸುತ್ತಲೂ ವಸಡಿನೊಳಕ್ಕೆ ಇಳಿಸುತ್ತ, ಪಕ್ಕದಲ್ಲಿದ್ದ ಸಹಾಯಕರಿಗೆ "ಮೂರು, ಎರಡು, ಐದು, ರಕ್ತ" ಎಂದು ಅಂಕಿಗಳನ್ನು ಬರೆಸಿದರು. ಮುಂದಿನ ಹಲ್ಲುಗಳಲ್ಲಿ ಹೆಚ್ಚಿನವು ಮೂರರೊಳಗೆ ಇದ್ದವು. ದವಡೆ ಹಲ್ಲುಗಳಲ್ಲಿ ನಾಲ್ಕು, ಐದು ಎಂದು ಬಂತು. ಕೆಳಗಿನ ಬಲಬದಿಯ ಒಂದು ದವಡೆ ಹಲ್ಲಿನಲ್ಲಿ ಮಾತ್ರ ಏಳು. ಎಕ್ಸ್-ರೇ ತೋರಿಸಿ, ಮೂಳೆ ಕರಗಿದೆ, ಇದು ಪೆರಿಯೊಡಾಂಟೈಟಿಸ್, ಮೂರನೇ ಹಂತ ಎಂದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಎರಡು ಬಾರಿ ಕೂರಿಸಿಕೊಂಡು ಆಳದ ಸ್ಕೇಲಿಂಗ್ ಮಾಡಬೇಕು, ಮೂರು ತಿಂಗಳ ನಂತರ ಮತ್ತೆ ಅಳೆಯಬೇಕು, ಆ ಒಂದು ಹಲ್ಲಿಗೆ ಫ್ಲ್ಯಾಪ್ ಸರ್ಜರಿ ಬೇಕಾದರೂ ಬೇಕಾಗಬಹುದು ಎಂದು ಹೇಳಿದ್ದಾರೆ.

ಮನೆಯಲ್ಲಿ ಹಿರಿಯರು ಇದಕ್ಕೆ ಒಪ್ಪುತ್ತಿಲ್ಲ. ಒಮ್ಮೆ ಹಲ್ಲು ಕ್ಲೀನ್ ಮಾಡಿಸಿದರೆ ಬುಡ ಸಡಿಲವಾಗುತ್ತದೆ, ಸಂದು ಬೀಳುತ್ತದೆ, ಆಮೇಲೆ ಒಂದೊಂದೇ ಹಲ್ಲು ಹೋಗುತ್ತದೆ ಎನ್ನುವುದು ಅವರ ಗಟ್ಟಿ ನಂಬಿಕೆ. ನೋವೇ ಇಲ್ಲದ ಕಾಯಿಲೆಗೆ ಚುಚ್ಚುಮದ್ದು, ಸರ್ಜರಿ ಎಂದರೆ ನನಗೂ ಸ್ವಲ್ಪ ಅತಿಯಾಯಿತೇನೋ ಎನ್ನಿಸುತ್ತದೆ. ಈ ಅಂಕಿಗಳ ಅರ್ಥವೇನು, ಚಿಕಿತ್ಸೆ ಮಾಡಿಸದೆ ಒಳ್ಳೆಯ ಪೇಸ್ಟ್ ಮತ್ತು ಮೌತ್‌ವಾಶ್‌ನಿಂದ ಇದನ್ನು ಹಿಡಿತಕ್ಕೆ ತರಬಹುದೇ, ಹೋದ ಮೂಳೆ ಮತ್ತೆ ಬರುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ – ದಂತಮೂಲ

ನಾನು ವಸಡಿನ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಅದೇ ವಿಭಾಗದಲ್ಲಿ ಕೆಲಸ ಮಾಡುತ್ತಿರುವವಳು. ನಿಮ್ಮ ಬಾಯಿಯನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ನಿಮ್ಮ ವೈದ್ಯರ ತೀರ್ಮಾನ ಸರಿಯೋ ತಪ್ಪೋ ಎಂದು ಇಲ್ಲಿಂದ ಹೇಳುವುದು ಸಲ್ಲದು. ಆದರೆ ನೀವು ವಿವರಿಸಿರುವ ಕ್ರಮ, ಅಂದರೆ ಮೊದಲು ಪ್ರತಿ ಹಲ್ಲನ್ನೂ ಅಳೆದು ಬರೆದಿಟ್ಟುಕೊಳ್ಳುವುದು, ಎಕ್ಸ್-ರೇ ನೋಡುವುದು, ಆಳದ ಕ್ಲೀನಿಂಗ್ ಮಾಡಿ ಕೆಲವು ವಾರ ಬಿಟ್ಟು ಮತ್ತೆ ಅಳೆಯುವುದು, ಸರ್ಜರಿಯ ಮಾತನ್ನು ಆ ನಂತರಕ್ಕೆ ಇಟ್ಟುಕೊಳ್ಳುವುದು, ಇದು ಜಗತ್ತಿನ ಎಲ್ಲ ಕಡೆ ಒಪ್ಪಿಕೊಂಡಿರುವ ಕ್ರಮವೇ ಆಗಿದೆ. ಅಳತೆಯನ್ನೇ ಮಾಡದೆ ಸರ್ಜರಿ ಬೇಕು ಎಂದವರಿದ್ದರೆ ನಾನೇ ಅನುಮಾನಪಡುತ್ತಿದ್ದೆ.

ಅಂಕಿಗಳ ವಿಷಯಕ್ಕೆ ಬರೋಣ. ಹಲ್ಲು ಮತ್ತು ವಸಡಿನ ಅಂಚಿನ ನಡುವೆ ಆರೋಗ್ಯವಂತರಿಗೂ ಕಿರಿದಾದ ಒಂದು ಸಂದು ಇರುತ್ತದೆ. ಅದರ ಆಳ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್. ನಿಮ್ಮ ವೈದ್ಯರು ಬಳಸಿದ ಕಡ್ಡಿಗೆ ಪ್ರೋಬ್ ಎನ್ನುತ್ತಾರೆ. ಅದರ ತುದಿ ಮೊಂಡಾಗಿದ್ದು, ಮೈಮೇಲೆ ಮಿಲಿಮೀಟರ್ ಗುರುತುಗಳಿರುತ್ತವೆ. ಅದನ್ನು ಬಹಳ ಹಗುರವಾಗಿ ಇಳಿಸಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತೇವೆ. ಸಂದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳವಾಗಿದ್ದರೆ ಅದನ್ನು ಪಾಕೆಟ್ ಎಂದು ಕರೆಯುತ್ತೇವೆ. 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಆಳವಾದ ಪಾಕೆಟ್. ಪ್ರೋಬ್ ತಾಗಿದ ಕೂಡಲೇ ರಕ್ತ ಜಿನುಗಿದರೆ ಆ ಜಾಗದಲ್ಲಿ ಉರಿಯೂತ ಇದೆ ಎಂದರ್ಥ. ಪಾಕೆಟ್ ಆಳವಾಗುತ್ತ ಹೋದಂತೆ ಬ್ರಷ್ಷಿನ ಎಳೆಗಳು ಅದರ ತಳವನ್ನು ಮುಟ್ಟುವುದಿಲ್ಲ. ಅಲ್ಲಿ ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಪೋರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥವು, ನೆಮ್ಮದಿಯಾಗಿ ಬೆಳೆಯುತ್ತವೆ.

ವಸಡಿನ ಕಾಯಿಲೆಯಲ್ಲಿ ಎರಡು ಘಟ್ಟಗಳಿವೆ, ಅವುಗಳ ನಡುವಿನ ಗೆರೆ ಬಹಳ ಮುಖ್ಯವಾದದ್ದು. ಮೊದಲನೆಯದು ಜಿಂಜಿವೈಟಿಸ್: ವಸಡು ಮಾತ್ರ ಕೆಂಪಾಗಿ ಊದಿಕೊಂಡಿರುತ್ತದೆ, ಕೆಳಗಿನ ಮೂಳೆಗೆ ಏನೂ ಆಗಿರುವುದಿಲ್ಲ. 1965ರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಆರೋಗ್ಯವಾಗಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ಗಮನಿಸಿದಾಗ, 10ರಿಂದ 21 ದಿನಗಳೊಳಗೆ ಪ್ರತಿಯೊಬ್ಬರ ವಸಡಿನಲ್ಲೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದ ಒಂದು ವಾರದ ಆಸುಪಾಸಿನಲ್ಲಿ ಅದು ಹಿಂದೆ ಸರಿಯಿತು. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪದರವಾದ ಪ್ಲಾಕ್ ಈ ರೋಗದ ಮೂಲ ಎನ್ನುವುದಕ್ಕೆ ಅದು ನೇರವಾದ ಸಾಕ್ಷಿಯಾಯಿತು. ಈ ಘಟ್ಟದಲ್ಲಿ ಎಲ್ಲವೂ ಮೊದಲಿನಂತೆ ಆಗಬಲ್ಲದು.

ಎರಡನೆಯದು ಪೆರಿಯೊಡಾಂಟೈಟಿಸ್. ನಿಮ್ಮ ವೈದ್ಯರು ಹೇಳಿದ ಮೂರನೇ ಹಂತ ಎನ್ನುವುದು ಇದರದ್ದೇ ನಾಲ್ಕು ಹಂತಗಳಲ್ಲಿ ಒಂದು. ಹಲ್ಲಿನ ಬೇರನ್ನು ದವಡೆ ಮೂಳೆಗೆ ಕಟ್ಟಿ ಹಿಡಿದಿರುವ ನಾರುಗಳು ಹರಿಯುತ್ತವೆ, ಮೂಳೆ ಕರಗುತ್ತದೆ. ಇಲ್ಲಿ ಮೂಳೆಯನ್ನು ತಿನ್ನುವುದು ಬ್ಯಾಕ್ಟೀರಿಯಾ ಅಲ್ಲ ಎಂಬುದನ್ನು ರೋಗಿಗಳಿಗೆ ನಾನು ಪ್ರತಿ ಸಲವೂ ಹೇಳುತ್ತೇನೆ. ಬ್ಯಾಕ್ಟೀರಿಯಾವನ್ನು ಅಟ್ಟಲು ನಮ್ಮದೇ ದೇಹ ನಡೆಸುವ, ಮುಗಿಯದ ಹೋರಾಟದಲ್ಲಿ ನಮ್ಮದೇ ಜೀವಕೋಶಗಳು ಆ ಮೂಳೆಯನ್ನು ಕರಗಿಸುತ್ತವೆ. ಪ್ಲಾಕ್ ಅಷ್ಟೇ ಇದ್ದರೂ ಒಬ್ಬರಿಗೆ ರೋಗ ಬೇಗ ಬೆಳೆದು ಇನ್ನೊಬ್ಬರಿಗೆ ಬೆಳೆಯದಿರುವುದು ಇದೇ ಕಾರಣಕ್ಕೆ. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ, ಹಲ್ಲಿನ ಶುಚಿತ್ವದ ರೂಢಿಯೇ ಇಲ್ಲದಿದ್ದ 480 ಪುರುಷರನ್ನು ಲೋ ಅವರ ತಂಡ ಹದಿನೈದು ವರ್ಷ ಗಮನಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 8ರಷ್ಟು ಜನರಲ್ಲಿ ರೋಗ ಬಹಳ ವೇಗವಾಗಿ, ಶೇಕಡಾ 81ರಷ್ಟು ಜನರಲ್ಲಿ ಮಧ್ಯಮ ವೇಗದಲ್ಲಿ ಮುಂದುವರಿದಿತ್ತು. ಉಳಿದ ಶೇಕಡಾ 11ರಷ್ಟು ಜನರಲ್ಲಿ ಜಿಂಜಿವೈಟಿಸ್ ಆಚೆಗೆ ಹೋಗಿರಲೇ ಇಲ್ಲ. "ನನ್ನ ತಂದೆ ಹಲ್ಲಿನ ಡಾಕ್ಟರ ಮುಖವನ್ನೇ ನೋಡದೆ ಕೊನೆಯವರೆಗೂ ಗಟ್ಟಿ ಹಲ್ಲಿಟ್ಟುಕೊಂಡಿದ್ದರು" ಎನ್ನುವ ಮಾತು ಸುಳ್ಳಲ್ಲ. ಆದರೆ ಆ ಶೇಕಡಾ 11ರಲ್ಲಿ ನೀವೂ ಇದ್ದೀರಾ ಎಂಬುದಕ್ಕೆ ನಿಮ್ಮ 7 ಮಿಲಿಮೀಟರ್ ಈಗಾಗಲೇ ಉತ್ತರ ಕೊಟ್ಟಿದೆ.

ನೋವಿಲ್ಲದಿರುವುದೇ ಈ ಕಾಯಿಲೆಯ ಸ್ವಭಾವ. ಹಲ್ಲು ಹುಳುಕಾದಾಗ ನೋವು ಬರುವುದು ಒಳಗಿನ ನರದವರೆಗೆ ಕೊಳೆತ ಹೋಗುವುದರಿಂದ. ಇಲ್ಲಿ ಕೀವು ಮತ್ತು ಉರಿಯೂತದ ದ್ರವ ಪಾಕೆಟ್ಟಿನ ಬಾಯಿಯಿಂದ ಹೊರಗೆ ಹರಿದುಹೋಗುವುದರಿಂದ ಒಳಗೆ ಒತ್ತಡ ಕಟ್ಟಿಕೊಳ್ಳುವುದಿಲ್ಲ, ಆದ್ದರಿಂದ ನೋವೂ ಇಲ್ಲ. ಪಾಕೆಟ್ಟಿನ ಬಾಯಿ ಮುಚ್ಚಿಹೋಗಿ ಬಾವು ಬಂದಾಗ ಮಾತ್ರ ರೋಗಿ ಓಡಿಬರುತ್ತಾರೆ. ಅಷ್ಟರಲ್ಲಿ ಮೂಳೆ ಅರ್ಧಕ್ಕಿಳಿದಿರುವುದು ಅಪರೂಪವಲ್ಲ.

ಇನ್ನು ನಿಮ್ಮ ಮನೆಯ ಹಿರಿಯರ ಮಾತು. ಅವರು ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ಪ್ಲಾಕನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರೊಳಗೆ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ, ಅದೇ ಕಿಟ್ಟ. ಜೊಲ್ಲಿನ ಗ್ರಂಥಿಗಳು ತೆರೆದುಕೊಳ್ಳುವ ಜಾಗಗಳಾದ ಕೆಳಗಿನ ಬಾಚಿಹಲ್ಲುಗಳ ಒಳಬದಿ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಯಲ್ಲಿ ಅದು ಹೆಚ್ಚಾಗಿ ಕಟ್ಟುತ್ತದೆ. ವರ್ಷಗಟ್ಟಲೆ ಬೆಳೆದ ಕಿಟ್ಟ, ಪಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟಿರುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಬೇಲಿಗೂಟಗಳು ಒಣಗಿದ ಕೆಸರು ಮೆತ್ತಿಕೊಂಡ ಕಾರಣಕ್ಕೆ ಸುಮ್ಮನೆ ನಿಂತಿರುವಂತೆ, ಮೂಳೆ ಹೋದ ಹಲ್ಲುಗಳು ಆ ಕಿಟ್ಟದ ಆಸರೆಯಲ್ಲಿ ಗಟ್ಟಿಯಾಗಿರುವಂತೆ ತೋರುತ್ತವೆ. ಸ್ಕೇಲಿಂಗ್ ಮಾಡಿ ಕಿಟ್ಟ ತೆಗೆದಾಗ, ಕಿಟ್ಟ ತುಂಬಿದ್ದ ಜಾಗ ಸಂದಾಗಿ ಕಾಣುತ್ತದೆ. ಊದಿದ ವಸಡು ಇಳಿದು ಬೇರಿನ ಭಾಗ ಹೊರಗೆ ಬರುತ್ತದೆ. ಮೊದಲೇ ಇದ್ದ ಸಡಿಲ ಕೈಗೆ ಸಿಗುತ್ತದೆ. ಅಲ್ಟ್ರಾಸಾನಿಕ್ ಸ್ಕೇಲರ್ ಉಪಕರಣದ ತುದಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ, ಜೊತೆಗೆ ಚಿಮ್ಮುವ ನೀರು ತುದಿಯನ್ನು ತಂಪಾಗಿಟ್ಟು ಪುಡಿಯನ್ನು ತೊಳೆಯುತ್ತದೆ. ಸರಿಯಾದ ಕೋನದಲ್ಲಿ ಹಿಡಿದು ಹಗುರವಾದ ಕೈಯಿಂದ ಮಾಡಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್‌ಗೆ ಅದು ಹಾನಿ ಮಾಡುವುದಿಲ್ಲ, ಮೂಳೆಯನ್ನಂತೂ ಮುಟ್ಟುವುದೇ ಇಲ್ಲ.

ಮೌತ್‌ವಾಶ್ ಕುರಿತು ನೀವು ಕೇಳಿದ್ದೀರಿ. ಮುಕ್ಕಳಿಸಿದ ದ್ರವ ವಸಡಿನ ಅಂಚಿನಿಂದ ಕೆಳಗೆ ಹೆಚ್ಚೇನೂ ಇಳಿಯುವುದಿಲ್ಲ. ಏಳು ಮಿಲಿಮೀಟರ್ ಕೆಳಗೆ ಬೇರಿಗೆ ಅಂಟಿಕೊಂಡಿರುವ ಕಿಟ್ಟಕ್ಕೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಪೇಸ್ಟಿನ ಮಾತೂ ಅಷ್ಟೇ.


ಉತ್ತರ – ನೇರನುಡಿ

ಮೇಲಿನ ವಿವರಣೆ ಓದಿದೆ. ಆದರೂ ನನ್ನ ಅನುಭವವನ್ನು ಹೇಳದೆ ಇರಲಾರೆ. ಮಾಮೂಲಿ ಸ್ಕೇಲಿಂಗ್ ಎಂದು ಹೇಳಿ ಕೂರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿದರು. ಅಂದು ರಾತ್ರಿಯಿಂದಲೇ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕೆಳಗಿನ ಬಾಚಿಹಲ್ಲುಗಳ ನಡುವೆ ಮೊದಲು ಇಲ್ಲದ ಕಪ್ಪು ಸಂದುಗಳು ಕಂಡವು, ನಾಲಿಗೆಯಿಂದ ತಳ್ಳಿದರೆ ಒಂದು ಹಲ್ಲು ಅಲುಗಾಡುತ್ತಿತ್ತು. ಇದು ಮೊದಲೇ ಇದ್ದದ್ದು ಎಂದು ಮುಂಚೆಯೇ ಹೇಳಿದ್ದರೆ ಒಪ್ಪಿಕೊಳ್ಳಬಹುದಿತ್ತು. ಆದ ಮೇಲೆ ಹೇಳಿದರೆ ಅದು ಸಬೂಬಿನಂತೆ ಕೇಳಿಸುತ್ತದೆ. ಹಾಗಾಗಿ ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಇನ್ನೊಬ್ಬ ದಂತವೈದ್ಯರ ಅಭಿಪ್ರಾಯ ಪಡೆಯದೆ ಮುಂದುವರಿಯಬೇಡಿ.


ಉತ್ತರ – ದಂತಮೂಲ

ನೇರನುಡಿಯವರ ಆಕ್ಷೇಪದಲ್ಲಿ ನ್ಯಾಯವಿದೆ. ಎಲ್ಲೆಲ್ಲಿ ಎಷ್ಟು ಮೂಳೆ ಹೋಗಿದೆ, ಯಾವ ಹಲ್ಲು ಈಗಾಗಲೇ ಅಲುಗಾಡುತ್ತಿದೆ, ಕಿಟ್ಟ ತೆಗೆದ ಮೇಲೆ ಎಲ್ಲಿ ಸಂದು ಕಾಣಿಸುತ್ತದೆ ಎಂಬುದನ್ನು ಕೆಲಸ ಶುರುಮಾಡುವ ಮುಂಚೆಯೇ, ಸಾಧ್ಯವಾದರೆ ಕನ್ನಡಿ ಹಿಡಿದು ತೋರಿಸಿ, ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಅಲುಗಾಟವನ್ನೂ ನಾವು ಒಂದರಿಂದ ಮೂರರವರೆಗೆ ದರ್ಜೆ ಕೊಟ್ಟು ಬರೆದಿಡುತ್ತೇವೆ. ಆ ದಾಖಲೆ ಇದ್ದರೆ ನಂತರ ವಾದಕ್ಕೆ ಎಡೆಯೇ ಇರುವುದಿಲ್ಲ. ಎರಡನೆಯ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪೇನಿಲ್ಲ, ಆದರೆ ಹೋಗುವಾಗ ಮೊದಲ ವೈದ್ಯರು ಬರೆದ ಪಾಕೆಟ್ ಅಳತೆಯ ಹಾಳೆ ಮತ್ತು ಎಕ್ಸ್-ರೇ ಎರಡನ್ನೂ ಕೇಳಿ ಪಡೆದುಕೊಂಡು ಹೋಗಿ. ಅಳತೆಗಳನ್ನು ಹೋಲಿಸಲು ಸಾಧ್ಯವಾದಾಗ ಮಾತ್ರ ಎರಡನೆಯ ಅಭಿಪ್ರಾಯಕ್ಕೆ ಬೆಲೆ.

ಜುಮ್ಮೆನ್ನುವುದಕ್ಕೆ ಕಾರಣ, ಕಿಟ್ಟ ಮತ್ತು ಊದಿದ ವಸಡಿನ ಕೆಳಗೆ ಮುಚ್ಚಿಕೊಂಡಿದ್ದ ಬೇರಿನ ಮೇಲ್ಮೈ ತೆರೆದುಕೊಂಡಿರುವುದು. ಬೇರಿಗೆ ಎನಾಮಲ್ ರಕ್ಷಣೆ ಇರುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದು ತಗ್ಗುತ್ತದೆ. ತಗ್ಗದಿದ್ದರೆ ಫ್ಲೋರೈಡ್ ಲೇಪನವೋ ಜುಮ್ಮೆನ್ನುವಿಕೆಗೆಂದೇ ಇರುವ ಪೇಸ್ಟೋ ನೆರವಾಗುತ್ತದೆ. ಅಲುಗಾಟದ ಬಗ್ಗೆ ಒಂದು ಮಾತು: ಉರಿಯೂತ ಇಳಿದಂತೆ, ಉಳಿದ ನಾರುಗಳು ಬಿಗಿಯಾಗಿ, ಚಿಕಿತ್ಸೆಯ ನಂತರ ಎಷ್ಟೋ ಹಲ್ಲುಗಳ ಅಲುಗಾಟ ಮೊದಲಿಗಿಂತ ಕಡಿಮೆಯಾಗುತ್ತದೆ. ಅಗಿಯಲು ತೊಂದರೆಯಾಗುವಷ್ಟು ಸಡಿಲ ಉಳಿದರೆ ಪಕ್ಕದ ಹಲ್ಲುಗಳಿಗೆ ಒಳಬದಿಯಿಂದ ತೆಳುವಾದ ತಂತಿ ಅಥವಾ ನಾರು ಅಂಟಿಸಿ ಒಟ್ಟಿಗೆ ಕಟ್ಟುವುದೂ ಉಂಟು.


ಉತ್ತರ – ಸಂಜೆಮಲ್ಲಿಗೆ

ಹೊಂಬೆಳಕು ಅವರೇ, ಇದೇ ಚಿಕಿತ್ಸೆಯನ್ನು ಮಾಡಿಸಿಕೊಂಡವಳಾಗಿ ಕುರ್ಚಿಯಲ್ಲಿ ಕೂತಾಗ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ನನಗೆ ಹೆದರಿಕೆ ಇದ್ದದ್ದು ಅದರದ್ದೇ.

ಮೊದಲು ಒಂದು ಬದಿಯ ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಸೂಜಿಯ ಚುರುಕು ಬಿಟ್ಟರೆ ಆಮೇಲೆ ನೋವು ಎನ್ನುವಂಥದ್ದು ಇರಲಿಲ್ಲ. ಕಂಪಿಸುವ ಉಪಕರಣದ ಸದ್ದು ತಲೆಬುರುಡೆಯೊಳಗೆ ಕೇಳಿಸುತ್ತದೆ, ಬಾಯಿ ತುಂಬ ನೀರು, ಅದನ್ನು ಹೀರುವ ನಳಿಗೆಯ ಸದ್ದು ಇನ್ನೊಂದು ಕಡೆ. ಅದಾದ ಮೇಲೆ ಅವರು ಕೊಕ್ಕೆಯಂತೆ ಬಾಗಿದ ಕೈ ಉಪಕರಣವನ್ನು ಹಿಡಿದು ಬೇರಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸಣ್ಣ ಸಣ್ಣದಾಗಿ ಎಳೆಯುತ್ತಿದ್ದರು. ಮೊದಮೊದಲು ಕರಕರ ಎನ್ನುತ್ತಿದ್ದ ಎಳೆತ ಬರಬರುತ್ತ ನಯವಾದ ಗಾಜಿನ ಮೇಲೆ ಎಳೆದಂತೆ ಸದ್ದಿಲ್ಲದೆ ಸಾಗಿದಾಗ ಆ ಹಲ್ಲನ್ನು ಬಿಟ್ಟು ಮುಂದಿನದಕ್ಕೆ ಹೋದರು. ಹತ್ತಿಯ ಮೇಲೆ ಒರೆಸಿ ತೋರಿಸಿದ ಕಿಟ್ಟ ನಾನು ಊಹಿಸಿದ್ದಂತೆ ಹಳದಿಯಾಗಿರಲಿಲ್ಲ. ವಸಡಿನ ಕೆಳಗಿನದು ಕಡುಕಂದು, ಹೆಚ್ಚುಕಡಿಮೆ ಕಪ್ಪು.

ಆ ದಿನ ತುಟಿ ಮತ್ತು ನಾಲಿಗೆಯ ಮರಗು ಹೋಗುವ ತನಕ ಏನನ್ನೂ ಅಗಿಯಬೇಡಿ, ಗೊತ್ತಾಗದೆ ಕಚ್ಚಿಕೊಳ್ಳುತ್ತೀರಿ. ಒಂದೆರಡು ದಿನ ವಸಡು ಹುಣ್ಣಾದಂತೆ ಇರುತ್ತದೆ, ಅದಕ್ಕೆ ಮಾಮೂಲಿ ನೋವಿನ ಮಾತ್ರೆ ಸಾಕಾಯಿತು. ನಿಜವಾದ ಕೆಲಸ ಇರುವುದು ಆಮೇಲೆ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಇಟ್ಟು ಸಣ್ಣಗೆ ಅಲುಗಿಸುತ್ತ ಉಜ್ಜುವುದನ್ನು ನನಗೆ ಮೊದಲಿನಿಂದ ಕಲಿಸಿದರು. ಬ್ರಷ್ ಎಷ್ಟೇ ಒಳ್ಳೆಯದಿರಲಿ, ಎರಡು ಹಲ್ಲುಗಳ ನಡುವಿನ ಜಾಗಕ್ಕೆ ಅದು ಹೋಗುವುದಿಲ್ಲ. ಅಲ್ಲಿಗೆಂದು ಪುಟ್ಟ ಬಾಟಲಿ ಬ್ರಷ್ಷಿನಂಥ ಇಂಟರ್‌ಡೆಂಟಲ್ ಬ್ರಷ್ ಬರುತ್ತದೆ. ಅದರಲ್ಲಿ ಬೇರೆಬೇರೆ ಅಳತೆಗಳಿವೆ, ನನ್ನ ಮುಂದಿನ ಹಲ್ಲುಗಳಿಗೆ ಒಂದು, ಹಿಂದಿನವಕ್ಕೆ ಇನ್ನೊಂದು ಬೇಕಾಯಿತು. ನಿಮ್ಮ ಸಂದಿಗೆ ಯಾವ ಅಳತೆ ಎಂಬುದನ್ನು ವೈದ್ಯರಿಂದಲೇ ತೋರಿಸಿಕೊಳ್ಳಿ. ತುರುಕಬೇಕಾದಷ್ಟು ದಪ್ಪವೂ ಇರಬಾರದು, ತಾಗದೆ ಹಾದುಹೋಗುವಷ್ಟು ತೆಳುವೂ ಇರಬಾರದು. ಮೊದಲ ವಾರ ಅದನ್ನು ಹಾಕಿದಲ್ಲೆಲ್ಲ ರಕ್ತ ಬಂತು. ರಕ್ತ ಬಂದ ಜಾಗವನ್ನು ಬಿಟ್ಟುಬಿಡಬೇಡಿ, ಅಲ್ಲೇ ಇನ್ನಷ್ಟು ನಿಗಾ ಕೊಡಿ ಎಂದು ಹೇಳಿದ್ದರು. ಹಾಗೆಯೇ ಮಾಡಿದೆ, ನಿಂತಿತು.


ಉತ್ತರ – ನಾಡಿಮಿಡಿತ

ನಾನು ಸಾಮಾನ್ಯ ರೋಗಗಳ ವೈದ್ಯ, ದಂತವೈದ್ಯನಲ್ಲ. ಆದರೆ ಈ ಚರ್ಚೆಯಲ್ಲಿ ಇನ್ನೂ ಬಾರದಿರುವ ಕೆಲವು ವಿಷಯಗಳನ್ನು ಸೇರಿಸಬೇಕೆನಿಸಿತು.

ಹೊಂಬೆಳಕು ಅವರು ತಮಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಹೇಳಿಲ್ಲ. ಈ ವಯಸ್ಸಿನಲ್ಲಿ ಮೂಳೆ ಇಷ್ಟು ಕರಗಿದೆ ಎಂದಾದರೆ ಒಮ್ಮೆ ಎಚ್‌ಬಿಎ1ಸಿ ಪರೀಕ್ಷೆ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟವನ್ನು ತೋರಿಸುವ ರಕ್ತ ಪರೀಕ್ಷೆ, ಮಾಡಿಸಿಕೊಳ್ಳುವುದು ಒಳ್ಳೆಯದು. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಬಿರುಸಾಗುತ್ತದೆ, ಮತ್ತು ವಸಡಿನ ಉರಿಯೂತ ಇದ್ದಷ್ಟು ಕಾಲ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಮಧುಮೇಹವಿರುವವರಿಗೆ ಪೆರಿಯೊಡಾಂಟೈಟಿಸ್ ಚಿಕಿತ್ಸೆ ಕೊಟ್ಟ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ ಶೇಕಡಾ 0.43ರಷ್ಟು ಅಂಶ ಇಳಿದಿತ್ತು. ಒಂದು ಹೆಚ್ಚುವರಿ ಮಾತ್ರೆಯಿಂದ ನಾವು ನಿರೀಕ್ಷಿಸುವ ಇಳಿಕೆಗೆ ಇದು ಬಹಳ ದೂರವೇನಲ್ಲ.

ಬೀಡಿ, ಸಿಗರೇಟು ಸೇದುವವರ ವಿಷಯ ಇನ್ನೂ ಕುಟಿಲವಾದದ್ದು. ತಂಬಾಕು ವಸಡಿನ ರಕ್ತನಾಳಗಳ ಪ್ರತಿಕ್ರಿಯೆಯನ್ನು ಕುಗ್ಗಿಸುವುದರಿಂದ ರಕ್ತ ಬರುವುದೇ ಕಡಿಮೆಯಾಗುತ್ತದೆ. ವಸಡು ತಿಳಿಗುಲಾಬಿ ಬಣ್ಣದಲ್ಲಿ ಗಟ್ಟಿಯಾಗಿ ಕಾಣುತ್ತಿರುವಾಗಲೇ ಕೆಳಗೆ ಮೂಳೆ ಕರಗುತ್ತಿರುತ್ತದೆ. ಸೇದುವುದನ್ನು ಬಿಟ್ಟ ಮೇಲೆ ವಸಡಿನಲ್ಲಿ ರಕ್ತ ಹೆಚ್ಚಾಯಿತೆಂದು ಗಾಬರಿಯಾಗಿ ಬರುವವರಿದ್ದಾರೆ. ಮರೆಯಲ್ಲಿದ್ದ ಲಕ್ಷಣ ಹೊರಗೆ ಬಂದಿದೆ, ಅಷ್ಟೇ.

ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಅಂಗ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್, ಇವುಗಳಿಂದ ಕೆಲವರ ವಸಡು ಬೆಳೆದು ಹಲ್ಲನ್ನು ಮುಚ್ಚುವುದುಂಟು. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ದಂತವೈದ್ಯರಿಗೆ ಮುಚ್ಚಿಡದೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಸ್ಕೇಲಿಂಗ್ ಇದೆ ಎಂದು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸುವುದು ಅಪಾಯ; ಆ ಮಾತ್ರೆ ಬರೆದ ವೈದ್ಯರನ್ನು ಕೇಳಿ. ಹೃದಯದ ಕೃತಕ ಕವಾಟ ಇರುವವರು ಅಥವಾ ಹಿಂದೆ ಎಂಡೊಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಆಗಿದ್ದವರು ಇಂಥ ಚಿಕಿತ್ಸೆಗೆ ಮುನ್ನ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಳಿತದಿಂದ ವಸಡು ಸುಲಭವಾಗಿ ಊದಿಕೊಳ್ಳುತ್ತದೆ. ಅವರಿಗೆ ಕ್ಲೀನಿಂಗ್ ನಿಷಿದ್ಧವೇನಲ್ಲ, ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲದ ಕಾಲ. ಕೊನೆಯದಾಗಿ, ವಸಡು ಇದ್ದಕ್ಕಿದ್ದಂತೆ ಊದಿ ತಾನಾಗಿಯೇ ರಕ್ತ ಸುರಿಯುತ್ತಿದ್ದು, ಜೊತೆಗೆ ಜ್ವರ, ಆಯಾಸ, ಮೈಮೇಲೆ ನೀಲಿ ಕಲೆಗಳು ಇದ್ದರೆ ಅದನ್ನು ಕಿಟ್ಟದ ತಲೆಗೆ ಕಟ್ಟದೆ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತದ ಕ್ಯಾನ್ಸರ್ ಕೆಲವೊಮ್ಮೆ ಮೊದಲು ತೋರಿಕೊಳ್ಳುವುದೇ ಹೀಗೆ.


ಮರುಪ್ರಶ್ನೆ – ಹೊಂಬೆಳಕು

ಎಲ್ಲರಿಗೂ ಧನ್ಯವಾದಗಳು. ಸಕ್ಕರೆ ಕಾಯಿಲೆ ಈವರೆಗೆ ಪತ್ತೆಯಾಗಿಲ್ಲ, ಪರೀಕ್ಷೆ ಮಾಡಿಸುತ್ತೇನೆ. ಧೂಮಪಾನದ ಅಭ್ಯಾಸ ಇಲ್ಲ. ಆಳದ ಸ್ಕೇಲಿಂಗ್ ಮಾಡಿಸುವುದೆಂದು ಮನಸ್ಸು ಮಾಡಿದ್ದೇನೆ. ಉಳಿದಿರುವುದು ಆ 7 ಮಿಲಿಮೀಟರ್ ಹಲ್ಲಿನ ಚಿಂತೆ. ಸರ್ಜರಿಯ ಬದಲು ಆಂಟಿಬಯಾಟಿಕ್ ಕೋರ್ಸ್ ಅಥವಾ ಲೇಸರ್ ಸಾಕು ಎಂದು ಪರಿಚಿತರೊಬ್ಬರು ಹೇಳಿದರು. ಆ ಹಲ್ಲನ್ನೇ ಕೀಳಿಸಿ ಇಂಪ್ಲಾಂಟ್ ಹಾಕಿಸಿಬಿಟ್ಟರೆ ತಲೆನೋವೇ ಇರುವುದಿಲ್ಲ ಎಂದವರೂ ಇದ್ದಾರೆ. ದಂತಮೂಲ ಅವರು ಏನು ಹೇಳುತ್ತಾರೆ?


ಉತ್ತರ – ದಂತಮೂಲ

ಮೂರಕ್ಕೂ ಒಂದೊಂದಾಗಿ ಉತ್ತರಿಸುತ್ತೇನೆ.

ಪಾಕೆಟ್ಟಿನೊಳಗಿನ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ತೇಲುತ್ತಿರುವುದಿಲ್ಲ. ತಮ್ಮ ಸುತ್ತ ತಾವೇ ಕಟ್ಟಿಕೊಂಡ ಅಂಟಿನ ಪದರದೊಳಗೆ ಬೇರಿಗೆ ಕಚ್ಚಿಕೊಂಡಿರುತ್ತವೆ, ಔಷಧ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಆ ಪದರವನ್ನು ಉಪಕರಣದಿಂದ ಒಡೆಯದೆ ಮಾತ್ರೆ ನುಂಗಿದರೆ ಒಂದೆರಡು ವಾರ ಊತ ಇಳಿದಂತೆ ಅನ್ನಿಸಿ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಚಿಕ್ಕ ವಯಸ್ಸಿನಲ್ಲೇ ಬಹಳ ಬಿರುಸಾಗಿ ಹರಡಿದ ರೋಗದಲ್ಲಿ ಸ್ಕೇಲಿಂಗ್ ಜೊತೆಗೆ ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಕೊಡುವುದುಂಟು, ಎಲ್ಲರಿಗೂ ಕೊಡುವಂಥದ್ದಲ್ಲ. ಯುರೋಪಿಯನ್ ಫೆಡರೇಷನ್ ಆಫ್ ಪೆರಿಯೊಡಾಂಟಾಲಜಿ 2020ರಲ್ಲಿ ಹೊರತಂದ ಮಾರ್ಗಸೂಚಿ ಆಂಟಿಬಯಾಟಿಕನ್ನು ರೂಢಿಯಂತೆ ಬರೆಯಬಾರದು ಎನ್ನುತ್ತದೆ. ಆಳದ ಸ್ಕೇಲಿಂಗಿಗೆ ಪೂರಕವಾಗಿ ಲೇಸರ್ ಬಳಸುವುದನ್ನೂ ಅದು ಶಿಫಾರಸು ಮಾಡಿಲ್ಲ. ಲೇಸರ್ ಇದೆ ಎನ್ನುವ ಕಾರಣಕ್ಕೆ ನೀವು ವೈದ್ಯರನ್ನು ಆಯ್ದುಕೊಳ್ಳಬೇಕಾಗಿಲ್ಲ. ಸರ್ಜರಿಯ ನಂತರ ಬ್ರಷ್ ತಾಗಿಸಲಾಗದ ಕೆಲವು ದಿನಗಳಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಉಪಯೋಗಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ.

ಇಂಪ್ಲಾಂಟ್ ಕುರಿತು ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ಇಂಪ್ಲಾಂಟಿನ ಸುತ್ತಲೂ ಇದೇ ರೀತಿಯ ರೋಗ ಬಂದು ಮೂಳೆ ಕರಗುತ್ತದೆ, ಅದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಎನ್ನುತ್ತಾರೆ. ಹಿಂದೆ ಪೆರಿಯೊಡಾಂಟೈಟಿಸ್ ಇದ್ದವರಿಗೆ ಅದರ ಅಪಾಯ ಹೆಚ್ಚು, ಚಿಕಿತ್ಸೆ ಸ್ವಂತ ಹಲ್ಲಿನದಕ್ಕಿಂತ ಕಷ್ಟ. ಉಳಿಸಬಹುದಾದ ಹಲ್ಲನ್ನು ವಸಡಿನ ರೋಗದ ಭಯಕ್ಕೆ ಕಿತ್ತು, ಅದೇ ಬಾಯಿಯಲ್ಲಿ ಇಂಪ್ಲಾಂಟ್ ನೆಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಸರ್ಜರಿಯ ತೀರ್ಮಾನ ಮರು ಅಳತೆಯ ದಿನ ಆಗಬೇಕು, ಇಂದಲ್ಲ. ಆಳದ ಸ್ಕೇಲಿಂಗಿನಿಂದ ಮಧ್ಯಮ ಆಳದ, ಅಂದರೆ 4ರಿಂದ 6 ಮಿಲಿಮೀಟರಿನ ಪಾಕೆಟ್‌ಗಳು ಆರೇಳು ತಿಂಗಳಲ್ಲಿ ಸರಾಸರಿ ಒಂದೂವರೆ ಮಿಲಿಮೀಟರ್, 7 ಮತ್ತು ಅದಕ್ಕಿಂತ ಆಳದವು ಸರಾಸರಿ ಎರಡೂವರೆ ಮಿಲಿಮೀಟರ್ ಇಳಿಯುತ್ತವೆ. ಹಾಗಾಗಿ ನಿಮ್ಮ ಐದುಗಳಲ್ಲಿ ಹೆಚ್ಚಿನವು ಸ್ಕೇಲಿಂಗಿನಿಂದಲೇ ಸರಿಹೋಗುತ್ತವೆ ಎಂದು ನಿರೀಕ್ಷಿಸಬಹುದು. ಏಳು ಐದಕ್ಕೆ ಇಳಿದು ರಕ್ತ ನಿಂತರೆ ಅದನ್ನು ಕಾದು ನೋಡಬಹುದು. 6ರಲ್ಲೇ ಉಳಿದು ಪ್ರೋಬ್ ತಾಗಿದಾಗಲೆಲ್ಲ ರಕ್ತ ಬರುತ್ತಿದ್ದರೆ ಒಳಗೆ ಕಿಟ್ಟ ಉಳಿದಿದೆ ಎಂದೇ ಲೆಕ್ಕ. ಕೆಳಗಿನ ದವಡೆ ಹಲ್ಲಿಗೆ ಎರಡು ಬೇರುಗಳಿರುತ್ತವೆ. ಮೂಳೆ ಆ ಬೇರುಗಳು ಕವಲೊಡೆಯುವ ಜಾಗಕ್ಕಿಂತ ಕೆಳಗಿಳಿದಿದ್ದರೆ ಕವಲಿನ ಒಳಭಾಗಕ್ಕೆ ಉಪಕರಣ ಕುರುಡಾಗಿ ಹೋಗಲಾರದು. ಆಗ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಬೇರನ್ನು ಶುಚಿಮಾಡಿ, ಮತ್ತೆ ಹೊಲಿಗೆ ಹಾಕಿ ಕೂರಿಸುವುದೇ ಫ್ಲ್ಯಾಪ್ ಸರ್ಜರಿ. ಇದೂ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಕೆಲಸ, ಮುಗಿಸಿಕೊಂಡು ಅದೇ ದಿನ ಮನೆಗೆ ಹೋಗಬಹುದು.

ಹೋದ ಮೂಳೆ ಬರುತ್ತದೆಯೇ ಎಂದು ಮೊದಲೇ ಕೇಳಿದ್ದಿರಿ. ಎಲ್ಲ ಕಡೆಯೂ ಸಮನಾಗಿ ತಗ್ಗಿರುವ ಮೂಳೆ ಮರಳಿ ಬೆಳೆಯುವುದಿಲ್ಲ. ವಸಡು ಬಿಗಿಯಾಗಿ ಬೇರಿಗೆ ಅಂಟಿಕೊಂಡು ರೋಗ ಅಲ್ಲಿಗೇ ನಿಲ್ಲುತ್ತದೆ, ಅದೇ ಗೆಲುವು. ಒಂದು ಹಲ್ಲಿನ ಪಕ್ಕದಲ್ಲಿ ಮಾತ್ರ ಬಾವಿಯಂತೆ ಆಳವಾಗಿ, ಕಿರಿದಾಗಿ ಕರಗಿದ್ದರೆ, ಸುತ್ತ ಗೋಡೆಯಂತೆ ಉಳಿದಿರುವ ಮೂಳೆಯ ನೆರವಿನಿಂದ ಬೋನ್ ಗ್ರಾಫ್ಟ್ (ಮೂಳೆಯ ಕಸಿ), ಪೊರೆ ಅಥವಾ ಎನಾಮಲ್ ಪ್ರೋಟೀನಿನ ಜೆಲ್ ಬಳಸಿ ಸ್ವಲ್ಪಮಟ್ಟಿಗೆ ಮರಳಿ ಪಡೆಯಲು ಪ್ರಯತ್ನಿಸುತ್ತೇವೆ. ನಿಮ್ಮದು ಯಾವ ಬಗೆ ಎಂಬುದನ್ನು ಎಕ್ಸ್-ರೇ ಮುಂದಿಟ್ಟುಕೊಂಡು ನಿಮ್ಮ ವೈದ್ಯರನ್ನೇ ಕೇಳಿ.

ಚಿಕಿತ್ಸೆ ಮುಗಿದ ಮೇಲೆ ತಪಾಸಣೆಯ ನಡುವಿನ ಅಂತರ ಎಲ್ಲರಿಗೂ ಒಂದೇ ಅಲ್ಲ, ಮೂರು ತಿಂಗಳಿಂದ ಒಂದು ವರ್ಷದವರೆಗೆ ಇರುತ್ತದೆ. ಮೂರನೇ ಹಂತ ಎಂದು ಬರೆಸಿಕೊಂಡವರಿಗೆ ಮೊದಮೊದಲು ಮೂರು-ನಾಲ್ಕು ತಿಂಗಳಿಗೊಮ್ಮೆ ಎಂದು ಇಟ್ಟುಕೊಳ್ಳುತ್ತೇವೆ. ಪ್ರತಿ ಭೇಟಿಯಲ್ಲೂ ಎರಡು ಲೆಕ್ಕ ಕೇಳಿ: 4 ಮಿಲಿಮೀಟರಿಗಿಂತ ಆಳವಾಗಿದ್ದು ರಕ್ತವೂ ಬರುವ ಜಾಗ ಎಷ್ಟು ಉಳಿದಿವೆ, ಮತ್ತು 6 ಅಥವಾ ಅದಕ್ಕಿಂತ ಆಳವಾದದ್ದು ಎಲ್ಲಾದರೂ ಇದೆಯೇ. ಎರಡಕ್ಕೂ ಇಲ್ಲ ಎನ್ನುವ ಉತ್ತರ ಬರುವವರೆಗೆ ಚಿಕಿತ್ಸೆ ಮುಗಿದಿಲ್ಲ.